ಮನೆಯ ಹಾಡಿನ ಧ್ವನಿಗ್ರಹಣ: ಅಲ್ಪವ್ಯಯದ ಒಂದು ಕ್ರಮ

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕೀರ್ತಿಯನ್ನು ಸಾರುವ ಹತ್ತನೆಯ ಶತಮಾನದ ಕನ್ನಡ ಶಾಸನವೊಂದು ಇಂದಿನ ಮಧ್ಯಪ್ರದೇಶದ ಜೂರಾ ಎಂಬಲ್ಲಿ ದೊರೆತಿದೆ. ಕನ್ನಡದ ಅಕ್ಷರ ನಾಗಪುರವನ್ನೂ ದಾಟಿ ಬಡಗಣಕ್ಕೆ ಹೋಗಿದ್ದಿತೆಂಬುದಕ್ಕೆ ಅದು ಸಾಕ್ಷಿ. ಆದರೆ ಕಲ್ಲು ಕಾಯ್ದುಕೊಂಡು ಬಂದದ್ದು ಅಕ್ಷರವನ್ನು ಮಾತ್ರ. ಅದನ್ನು ಅಂದು ಓದಿದವರ ದನಿ ಹೇಗಿದ್ದಿತು, ರಾಗವೆಳೆದು ಓದಿದರೋ ಗದ್ಯವಾಗಿ ಓದಿದರೋ ಎಂಬುದನ್ನು ಕಲ್ಲು ಹೇಳಲಾರದು.

ಇದೇ ಮಾತು ಇತ್ತೀಚಿನ ಕಾಲಕ್ಕೂ ಸಲ್ಲುತ್ತದೆ. ಮಧುರಚೆನ್ನ ಮೊದಲಾದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು, ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಅಳಿವಿನಿಂದ ಉಳಿಸಿದರು. ಕನ್ನಡ ನಾಡು ಅವರಿಗೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ. ಆದರೂ ಆ ಪುಸ್ತಕದಲ್ಲಿ ಉಳಿದುದು ಹಾಡಿನ ನುಡಿ. ಹಾಡಿದವರ ಧಾಟಿ ಅವರೊಡನೆಯೇ ಹೋಯಿತು. ಲೇಖನಿಗೆ ನುಡಿ ಸಿಕ್ಕುತ್ತದೆ. ಧಾಟಿ ಸಿಕ್ಕಬೇಕಾದರೆ ಧ್ವನಿಗ್ರಹಣವೇ ಬೇಕು.

ನಾಗಪುರದಂತಹ ನಗರದಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ. ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿಗಳ ನೌಕರಿಯನ್ನು ಅನುಸರಿಸಿ ಬಂದ ಮನೆಗಳಲ್ಲಿ ಅಜ್ಜಿಗೆ ಸೋಬಾನೆ, ಆರತಿಯ ಹಾಡು, ಜೋಗುಳ, ದಾಸರ ಪದಗಳು ಬಾಯಿಗೆ ಬರುತ್ತವೆ. ಮಗಳಿಗೆ ಅವುಗಳಲ್ಲಿ ಅರ್ಧ ಬರುತ್ತವೆ. ಮರಾಠಿ, ಹಿಂದಿಗಳ ನಡುವೆ ಬೆಳೆದ ಮೊಮ್ಮಗಳಿಗೆ ಪಲ್ಲವಿಯಷ್ಟೇ ನೆನಪಿರುತ್ತದೆ. ಊರಿನಲ್ಲಾದರೆ ಒಬ್ಬರು ಮರೆತುದನ್ನು ನೆರೆಮನೆಯವರು ನೆನಪಿಸಿಯಾರು. ಹೊರನಾಡಿನಲ್ಲಿ ಅಂತಹ ಜಾಮೀನು ಇಲ್ಲ. ಒಂದು ದನಿ ಅಡಗಿತೆಂದರೆ ಆ ಮನೆಯ ಮಟ್ಟಿಗೆ ಒಂದು ಪರಂಪರೆಯೇ ಅಡಗಿದಂತೆ.

ಧ್ವನಿಗ್ರಹಣವೆಂದರೆ ದೊಡ್ಡ ಸ್ಟುಡಿಯೋ, ಬಹಳ ಹಣ ಎಂಬ ಭಾವನೆಯಿಂದ ಅನೇಕರು ಈ ಕೆಲಸವನ್ನು ಮುಂದೂಡುತ್ತಾರೆ. ಹಣ ಸ್ವಲ್ಪ ಬೇಕೆಂಬುದು ನಿಜ. ಆದರೆ ಹಣಕ್ಕಿಂತ ಹೆಚ್ಚು ಬೇಕಾದುದು ಕ್ರಮ. ಮೊದಲು ನಿಶ್ಶಬ್ದ, ಬಳಿಕ ಅಂತರ, ಆಮೇಲೆ ಸಲಕರಣೆ, ಕೊನೆಗೆ ಕಾಪು. ಈ ಕ್ರಮವನ್ನು ತಿರುಗಮುರುಗು ಮಾಡಿದವರ ಹಣ ವ್ಯರ್ಥವಾಗುತ್ತದೆ.

ಹಿಂದಿನ ಮೇಲ್ಪಂಕ್ತಿ

ಭಾರತದ ಗ್ರಾಮಫೋನಿನ ಇತಿಹಾಸವೇ ಬಾಡಿಗೆಯ ಕೋಣೆಯಲ್ಲಿ ಆರಂಭವಾಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಯ ಹೋಟೆಲಿನ ಕೋಣೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದನು. ವಿದ್ಯುತ್ತಿನ ಮೈಕು ಆಗ ಬಳಕೆಗೆ ಬಂದಿರಲಿಲ್ಲ; ಗಾಯಕರು ತುತ್ತೂರಿಯಂತಹ ಕೊಳವೆಯ ಬಾಯಿಗೆ ಮುಖವೊಡ್ಡಿ ಹಾಡಬೇಕಾಗಿದ್ದಿತು. ವಿದ್ಯುತ್ ಧ್ವನಿಗ್ರಹಣ ವ್ಯಾಪಾರಕ್ಕೆ ಬಂದುದು 1925ರಲ್ಲಿ. ಅಂತಹ ತಟ್ಟೆಗಳ ಪ್ರಭಾವ ಎಷ್ಟೆಂಬುದಕ್ಕೆ ಗದಗಿನ ಬಾಲಕ ಭೀಮಸೇನ ಜೋಶಿಯವರ ಉದಾಹರಣೆಯೊಂದೇ ಸಾಕು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಸಂಗೀತದ ಗೀಳು ಹಿಡಿದ ಆ ಬಾಲಕ 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟನು.

ವಿದ್ವಾಂಸರ ಕೆಲಸದಲ್ಲಿಯೂ ಎರಡು ನಿದರ್ಶನಗಳು ಸ್ಮರಣೀಯವಾಗಿವೆ. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಡುಗಳಲ್ಲಿ ಸಂಗೀತವನ್ನು ಮುದ್ರಿಸಿಕೊಂಡರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಆ ಮುದ್ರಿಕೆಗಳನ್ನು ಹಿಡಿದು ಅದೇ ಹಾದಿಯಲ್ಲಿ ಸಂಚರಿಸಿ, ಯಾವುದು ಉಳಿದಿದೆ, ಯಾವುದು ಮಾರ್ಪಟ್ಟಿದೆ ಎಂಬುದನ್ನು ಪರಿಶೀಲಿಸಿದರು. ಹಳೆಯ ಮುದ್ರಿಕೆ ಇಲ್ಲದಿದ್ದರೆ ಆ ಹೋಲಿಕೆಯೇ ಅಸಾಧ್ಯವಾಗುತ್ತಿದ್ದಿತು. ಇನ್ನೊಂದು ನಿದರ್ಶನ ಮಹಾರಾಷ್ಟ್ರದ್ದೇ. ಹೇಮಾ ರಾಯ್‌ರಕರ್ ಮತ್ತು ಗೀ ಪ್ವಾತ್ವಾಂ ಅವರು ಬೀಸುವ ಕಲ್ಲಿನ ಮರಾಠಿ ಓವಿಗಳನ್ನು ಒಂದು ಲಕ್ಷಕ್ಕೂ ಮಿಕ್ಕಿ ಸಂಗ್ರಹಿಸಿದರು. ಅವುಗಳಲ್ಲಿ ಕೆಲವನ್ನು ಹಾಡಿದವರ ದನಿಯಲ್ಲಿಯೇ ಮುದ್ರಿಸಲಾಯಿತು. ಓವಿಗೂ ಕನ್ನಡದ ತ್ರಿಪದಿಗೂ ಇರುವ ನೆರೆತನವನ್ನು ಬಲ್ಲವರಿಗೆ ಈ ಕೆಲಸದ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

ನಿಶ್ಶಬ್ದ

ನಾಗಪುರದ ಬೇಸಗೆ ಧ್ವನಿಗ್ರಹಣಕ್ಕೆ ಶತ್ರು. ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಮನೆಮನೆಯ ಕಿಟಕಿಗೂ ಆಗ ಕೂಲರು ಇರುತ್ತದೆ. ಸ್ವಂತ ಮನೆಯ ಕೂಲರನ್ನು ನಿಲ್ಲಿಸಬಹುದು, ನೆರೆಮನೆಯದನ್ನು ನಿಲ್ಲಿಸಲಾಗದು. ಆ ಬಿಸಿಲಿನಲ್ಲಿ ಫ್ಯಾನನ್ನೂ ಆರಿಸಿ ವೃದ್ಧರನ್ನು ಹಾಡಲು ಕೂರಿಸುವುದು ಕ್ರೌರ್ಯವೇ ಸರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಹನಿಯ ಸದ್ದು ತಪ್ಪದು. ಆದುದರಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ಚಳಿಗಾಲವೇ ಪ್ರಶಸ್ತವಾದ ಕಾಲ. ದೀಪಾವಳಿಯ ಪಟಾಕಿಯ ದಿನಗಳನ್ನು ಬಿಟ್ಟು, ಬೀದಿ ಎಚ್ಚರಗೊಳ್ಳುವ ಮುನ್ನ, ಇಲ್ಲವೇ ಮಧ್ಯಾಹ್ನದ ಊಟದ ನಂತರದ ಬಿಡುವಿನಲ್ಲಿ ಕುಳಿತರೆ ಅರ್ಧ ಕೆಲಸ ಆದಂತೆಯೇ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಹೊರಗಿನ ಸದ್ದಿನ ನಂತರ ಕೋಣೆಯ ಮಾರ್ದನಿ. ನುಣುಪಾದ ಗೋಡೆ, ಕಲ್ಲುಹಾಸಿನ ನೆಲ, ತಾರಸಿ ಇವು ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತವೆ. ಹೀಗೆ ಮರಳಿ ಬಂದ ದನಿ ಮೂಲದ ದನಿಯೊಡನೆ ಬೆರೆತು ನುಡಿಯ ಸ್ಪಷ್ಟತೆಯನ್ನು ಕೆಡಿಸುತ್ತದೆ. ಇದಕ್ಕೆ ಉತ್ತರ ಕರ್ನಾಟಕದ ಮನೆಗಳಲ್ಲಿ ಸಿದ್ಧೌಷಧವೇ ಇದೆ, ಅದು ಕೌದಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಎರಡು ಮೂರು ಕೌದಿಗಳನ್ನು ಹಾಡುವವರ ಹಿಂದೆ ಮತ್ತು ಇಕ್ಕೆಲಗಳಲ್ಲಿ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಹಗ್ಗದ ಮೇಲೆ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿದರೆ ಮಾರ್ದನಿ ಬಹುಮಟ್ಟಿಗೆ ತಗ್ಗುತ್ತದೆ. ಬಟ್ಟೆಬರೆಗಳು ತುಂಬಿದ ಮಲಗುವ ಕೋಣೆ ಈ ಕಾರಣದಿಂದಲೇ ಬರಿದಾದ ಪಡಸಾಲೆಗಿಂತ ಮೇಲು.

ಆದರೆ ಬಟ್ಟೆಯ ಶಕ್ತಿಗೂ ಮಿತಿಯಿದೆ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ಸ್ವರದ ಅಲೆಯ ಉದ್ದ ಮೂರೂವರೆ ಮೀಟರಿಗೆ ಸಮೀಪವಾಗಿರುತ್ತದೆ. ಅಷ್ಟು ಉದ್ದದ ಅಲೆಯನ್ನು ಎರಡು ಅಂಗುಲದ ಕೌದಿ ತಡೆಯಲಾರದು; ಮೇಲಿನ ಸ್ವರಗಳನ್ನು ಮಾತ್ರ ಅದು ಹೀರುತ್ತದೆ. ಹೆಂಗಸರ ಹಾಡಿಗೆ ಇಷ್ಟು ಸಾಕು. ಮೃದಂಗ, ತಬಲಾಗಳ ತಗ್ಗು ನಾದವಿದ್ದಲ್ಲಿ ಕೋಣೆಯ ಮೂಲೆಯನ್ನು ಬಿಟ್ಟು ನಡುಭಾಗಕ್ಕೆ ಸರಿದು ಕೂರುವುದು ಒಳ್ಳೆಯದು.

ಅಂತರ

ಮೂಲದಿಂದ ದೂರ ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಧ್ವನಿಯ ಅಳತೆಯಲ್ಲಿ ಇದು 6 ಡೆಸಿಬೆಲ್ ಇಳಿತ. ಕೋಣೆಯ ಮಾರ್ದನಿಯಾದರೋ ಎಲ್ಲೆಡೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆದುದರಿಂದ ಮೈಕು ಬಾಯಿಗೆ ಸಮೀಪವಾದಷ್ಟೂ ಹಾಡು ಹೆಚ್ಚಾಗಿ, ಕೋಣೆ ಕಡಿಮೆಯಾಗಿ ಕೇಳಿಸುತ್ತದೆ. ಒಂದು ಗೇಣಿನಿಂದ ಒಂದೂವರೆ ಗೇಣಿನ ಅಂತರ ಒಬ್ಬರ ಹಾಡಿಗೆ ಸೂಕ್ತ. ಪ, ಬ, ಭ ಮುಂತಾದ ಓಷ್ಠ್ಯ ವರ್ಣಗಳನ್ನು ಉಚ್ಚರಿಸುವಾಗ ಹೊರಡುವ ಉಸಿರು ಮೈಕಿಗೆ ಬಡಿದು ಗುದ್ದಿನಂತೆ ಕೇಳಿಸುವುದುಂಟು; ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ ತುಸು ಓರೆಯಾಗಿ ಇಟ್ಟರೆ ಈ ದೋಷ ತಪ್ಪುತ್ತದೆ. ಹಾರ್ಮೋನಿಯಂ ಇದ್ದರೆ ಅದು ಹಾಡುವವರಿಂದ ತುಸು ದೂರವಿರಲಿ, ಇಲ್ಲವಾದರೆ ದನಿಯನ್ನು ನುಂಗಿಬಿಡುತ್ತದೆ.

ಆರತಿಯ ಹಾಡಿನೊಡನೆ ಕೇಳಿಬರುವ ಬಳೆಯ ಸದ್ದನ್ನಾಗಲಿ, ಬೀಸುವ ಹಾಡಿನೊಡನೆ ಬರುವ ಕಲ್ಲಿನ ಸದ್ದನ್ನಾಗಲಿ ದೋಷವೆಂದು ತಿಳಿಯಬಾರದು. ಬೀಸುವ ಹಾಡಿನ ಲಯ ಕಲ್ಲಿನ ಸುತ್ತಿನಿಂದಲೇ ಹುಟ್ಟಿದುದು. ಕೈ ಸುಮ್ಮನಿದ್ದರೆ ಹಾಡೂ ತಡವರಿಸುತ್ತದೆ.

ಸಲಕರಣೆ

ವೆಚ್ಚವನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಬಹುದು.

ಮೊದಲನೆಯ ಮೆಟ್ಟಿಲಿಗೆ ಖರ್ಚಿಲ್ಲ. ಮನೆಯಲ್ಲಿರುವ ಮೊಬೈಲು ಫೋನೇ ಸಾಕು. ಫೋನನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಗಳ ಮೇಲೆ ಮಡಿಸಿದ ಟವೆಲು ಹಾಸಿ ಅದರ ಮೇಲಿಡಬೇಕು. ಕರೆ ಬಾರದಂತೆ ಏರ್‌ಪ್ಲೇನ್ ಮೋಡಿಗೆ ಹಾಕಬೇಕು. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಾತಿಗಾಗಿ ರಚಿತವಾದ ಅನೇಕ ಫೋನುಗಳು ಎಡೆಬಿಡದ ಸದ್ದನ್ನು ಗದ್ದಲವೆಂದು ಎಣಿಸಿ ಅಳಿಸಿಹಾಕುತ್ತವೆ. ತಂಬೂರಿಯ ಶ್ರುತಿಯೂ ಎಡೆಬಿಡದ ಸದ್ದೇ ಆಗಿರುವುದರಿಂದ ಯಂತ್ರ ಅದನ್ನೂ ಅಳಿಸಲು ಹೊರಡುತ್ತದೆ. ಈ ಏರ್ಪಾಟನ್ನು ನಿಲ್ಲಿಸಲು ಅವಕಾಶವಿರುವ, ವೇವ್ ರೂಪದಲ್ಲಿ ಮುದ್ರಿಸುವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು.

ಎರಡನೆಯ ಮೆಟ್ಟಿಲು ಎರಡು ಸಾವಿರ ರೂಪಾಯಿಯ ಮಿತಿಯದು. ಸೆರಗಿಗೆ ಸಿಕ್ಕಿಸುವ ತಂತಿಯ ಚಿಕ್ಕ ಮೈಕು, ಫೋನಿಗೆ ಅದನ್ನು ಜೋಡಿಸುವ ಕೊಂಡಿ, ಒಂದು ಮೆಮೊರಿ ಕಾರ್ಡು ಇಷ್ಟೇ ಇದರ ಪಟ್ಟಿ. ಸೀತಾಬರ್ಡಿಯ ಅಂಗಡಿಗೆ ಹೋಗುವಾಗ ಫೋನನ್ನೂ ಒಯ್ದು, ಕೊಳ್ಳುವ ಮುನ್ನ ಅಲ್ಲಿಯೇ ಜೋಡಿಸಿ ನೋಡುವುದು ಜಾಣತನ. ಎಲ್ಲ ಕೊಂಡಿಗಳೂ ಎಲ್ಲ ಫೋನುಗಳಿಗೆ ಒಗ್ಗುವುದಿಲ್ಲ.

ಮೂರನೆಯ ಮೆಟ್ಟಿಲಿಗೆ ಇಪ್ಪತ್ತು ಸಾವಿರ ರೂಪಾಯಿಯನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳಬಹುದು. ಒಂದು ಡೈನಮಿಕ್ ಮೈಕು, ಅದರ ಕಾಲು ಮತ್ತು ತಂತಿ, ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಕಂಪ್ಯೂಟರಿಗೆ ಒದಗಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು ಇವು ಇದರಲ್ಲಿ ಬರುತ್ತವೆ. ಆಡಾಸಿಟಿ ಎಂಬ ತಂತ್ರಾಂಶ 2000ದಿಂದಲೂ ಉಚಿತವಾಗಿ ದೊರೆಯುತ್ತಿದೆ. ಕಂಡೆನ್ಸರ್ ಮೈಕು ಹೆಚ್ಚು ಸೂಕ್ಷ್ಮವೆಂಬುದು ನಿಜ; ಆದರೆ ಆ ಸೂಕ್ಷ್ಮತೆಯೇ ಬೀದಿಯ ರಿಕ್ಷಾವನ್ನೂ ಕೋಣೆಯ ಮಾರ್ದನಿಯನ್ನೂ ಎತ್ತಿ ತೋರಿಸುತ್ತದೆ. ಸಾಧಾರಣ ಮನೆಗೆ ಹತ್ತಿರದಿಂದ ಹಾಡುವ ಡೈನಮಿಕ್ ಮೈಕೇ ಮೇಲು.

ಈ ಮೂರನೆಯ ಪಟ್ಟಿಯನ್ನು ಪ್ರತಿಯೊಂದು ಮನೆಯೂ ಕೊಳ್ಳಬೇಕಾದ ಅಗತ್ಯವಿಲ್ಲ. ವರ್ಷಕ್ಕೆ ನಾಲ್ಕು ದಿನ ಬಳಸುವ ವಸ್ತುವಿನಲ್ಲಿ ಬಂಡವಾಳ ಹೂಡುವುದು ಸರಿಯಾದ ಲೆಕ್ಕವಲ್ಲ. ಹತ್ತು ಮನೆಗಳು ಕೂಡಿ, ಅಥವಾ ಒಂದು ಸಂಘ, ಒಂದೇ ಪೆಟ್ಟಿಗೆಯನ್ನು ಕೊಂಡು ಪುಸ್ತಕಭಂಡಾರದ ಪುಸ್ತಕದಂತೆ ಎರವಲು ಕೊಟ್ಟರೆ ಮನೆಯೊಂದಕ್ಕೆ ಬೀಳುವುದು ಎರಡು ಸಾವಿರವೇ.

ಮುದ್ರಿಸುವಾಗ ಅಳತೆಯ ಸೂಚಿ ಅತ್ಯಂತ ಏರುದನಿಯಲ್ಲಿಯೂ ತುದಿಯಿಂದ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಏರ್ಪಡಿಸಬೇಕು. ತಗ್ಗಾದ ದನಿಯನ್ನು ಆಮೇಲೆ ಏರಿಸಬಹುದು. ತುದಿ ಮೀರಿ ಒಡೆದ ದನಿಯನ್ನು ಸರಿಪಡಿಸಲಾಗದು. ಸೆಕೆಂಡಿಗೆ 48,000 ಮಾದರಿ, ಮಾದರಿಗೆ 24 ಬಿಟ್ ಎಂಬ ಮಾನದಲ್ಲಿ ಒಂದು ಮೈಕಿನ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 518 ಮೆಗಾಬೈಟು ಸ್ಥಳ ಬೇಕು. 32 ಗಿಗಾಬೈಟಿನ ಕಾರ್ಡಿನಲ್ಲಿ ಅರುವತ್ತು ಗಂಟೆಗಳ ಹಾಡು ಹಿಡಿಸೀತು. ಹೀಗಿರುವಾಗ ಸ್ಥಳ ಉಳಿಸಲೆಂದು ಎಂಪಿ3 ರೂಪದಲ್ಲಿ ಮುದ್ರಿಸಿ ಧ್ವನಿಯ ಅಂಶಗಳನ್ನು ಕಳೆದುಕೊಳ್ಳುವುದು ಅವಿವೇಕ.

ಕಾಪು

ಹಾಡಿಗೆ ಮೊದಲು ಹಾಡುವವರ ಹೆಸರು, ತವರೂರು, ದಿನಾಂಕ, ಹಾಡಿನ ಸಂದರ್ಭ, ಯಾರಿಂದ ಕಲಿತರು ಎಂಬಿವನ್ನು ಅವರ ಬಾಯಿಂದಲೇ ಹೇಳಿಸಬೇಕು. ಕಾಗದ ಕಳೆದುಹೋದರೂ ದನಿಯೊಡನೆ ಸೇರಿದ ವಿವರ ಉಳಿಯುತ್ತದೆ. ಹಾಡು ಮುಗಿದ ಮೇಲೆ ನುಡಿಯನ್ನು ಬರೆದಿಟ್ಟುಕೊಂಡು ಅವರ ಮುಂದೆಯೇ ಓದಿ ತಿದ್ದಿಸಬೇಕು. ಇದನ್ನು ಯಾರು ಯಾರು ಕೇಳಬಹುದೆಂಬುದಕ್ಕೂ ಅವರ ಒಪ್ಪಿಗೆ ಅಗತ್ಯ. ಮನೆಮಂದಿಯ ಮುಂದೆ ಹಾಡಿದುದು ಊರಿನ ಮುಂದೆ ಹೋಗಬಾರದೆಂದು ಬಯಸುವವರಿದ್ದಾರೆ. ಅಳುವಿನ ಹಾಡನ್ನು ಸುಮ್ಮಸುಮ್ಮನೆ ಮನೆಯೊಳಗೆ ಹಾಡಬಾರದೆನ್ನುವವರೂ ಇದ್ದಾರೆ. ಅವರ ಮಾತನ್ನು ಮೀರಿ ಪಡೆದ ಹಾಡಿಗೆ ಬೆಲೆಯಿಲ್ಲ.

ಮೂಲ ಮುದ್ರಣವನ್ನು ಎಂದಿಗೂ ತಿದ್ದಬಾರದು. ತಿದ್ದುಪಡಿಯೆಲ್ಲ ಪ್ರತಿಯ ಮೇಲೆ ನಡೆಯಲಿ. ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ನಾಗಪುರದ ಮನೆಯ ಹಾಡಿನ ಒಂದು ಪ್ರತಿ ಧಾರವಾಡದಲ್ಲಿಯೋ ಕಲಬುರಗಿಯಲ್ಲಿಯೋ ಇರುವ ಬಂಧುಗಳ ಮನೆಯಲ್ಲಿರುವುದು ಎಲ್ಲ ವಿಧದಲ್ಲಿಯೂ ಉಚಿತ.

ಅಲಮಾರಿನ ಮೇಲೆ ಬಿಸಿಲ ಧಗೆಯಲ್ಲಿ ಬಿದ್ದಿರುವ ಹಳೆಯ ಕ್ಯಾಸೆಟ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಸಾಧನದ ಪಟ್ಟಿ ವರ್ಷ ಕಳೆದಂತೆ ಜೀರ್ಣಿಸುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಯಂತ್ರದ ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ, ಪಟ್ಟಿಯನ್ನು ಒಮ್ಮೆ ಪೂರ್ತಿ ಸುತ್ತಿ ಸಡಿಲಿಸಿ, ಮೇಲೆ ಹೇಳಿದ ಪೆಟ್ಟಿಗೆಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಅದರಲ್ಲಿರುವವರು ಇಂದು ಬದುಕಿಲ್ಲದಿದ್ದರೆ ಹೊಸ ಮುದ್ರಣಕ್ಕಿಂತ ಮೊದಲು ಆಗಬೇಕಾದ ಕೆಲಸ ಅದೇ.

ಒಟ್ಟಿನಲ್ಲಿ, ಇಪ್ಪತ್ತು ಸಾವಿರದ ಸಲಕರಣೆಯನ್ನು ಕೂಲರಿನ ಪಕ್ಕದಲ್ಲಿಟ್ಟವರಿಗೆ ಸಿಕ್ಕುವುದು ಕೂಲರಿನ ಸದ್ದು. ಚಳಿಗಾಲದ ಒಂದು ಮುಂಜಾನೆ ಕೌದಿಗಳ ನಡುವೆ ಫೋನಿಟ್ಟವರಿಗೆ ಸಿಕ್ಕುವುದು ಹಾಡು. ಸಲಕರಣೆಯನ್ನು ಮುಂದಿನ ವರ್ಷ ಕೊಳ್ಳಬಹುದು, ಬಹುಶಃ ಇನ್ನೂ ಅಗ್ಗವಾಗಿ. ಎಂಬತ್ತು ದಾಟಿದ ದನಿಯ ವಿಷಯದಲ್ಲಿ ಆ ಲೆಕ್ಕ ನಡೆಯದು. ಬರುವ ಚಳಿಗಾಲವನ್ನು ಹೊರನಾಡಿನ ಕನ್ನಡ ಮನೆಗಳು ವ್ಯರ್ಥವಾಗಿ ಕಳೆಯದಿದ್ದರೆ ಸಾಕು.