ಕ್ಯಾಂಪಿನ ಬಗಲಲ್ಲಿ ಕಬ್ಬಿನ ಕಾಲೇಜು

ಬೆಳಗಾವಿಯ ಕ್ಯಾಂಪ್ ಅಂದರೆ ಪರ ಊರಿನವರಿಗೆ ಮರಾಠಾ ಲಘು ಪದಾತಿ ದಳದ ಕವಾಯತು, ಸೇಂಟ್ ಪಾಲ್ಸ್ ಶಾಲೆ, ದೊಡ್ಡ ಮರಗಳ ಮರೆಗೆ ಕೂತ ಬ್ರಿಟಿಷರ ಕಾಲದ ಬಂಗಲೆಗಳು. ಅಲ್ಲಿಂದ ಗಣೇಶಪುರ ರಸ್ತೆ ಹಿಡಿದು ಲಕ್ಷ್ಮಿಟೇಕ್ ಕಡೆ ಹೊರಟರೆ, ಮಿಲಿಟರಿ ಡೇರಿ ಫಾರ್ಮಿನ ಆಸುಪಾಸಿನಲ್ಲಿ ಒಂದು ಕಾಲೇಜು ಸಿಗುತ್ತದೆ. ಹೆಸರು ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ. ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ಅನೇಕರಿಗೂ ಅದರೊಳಗೆ ಏನು ಕಲಿಸುತ್ತಾರೆ ಎಂಬುದು ಗೊತ್ತಿಲ್ಲ. ಸಕ್ಕರೆ ಮಾಡಲಿಕ್ಕೆ ಕಾಲೇಜು ಯಾತಕ್ಕೆ ಬೇಕು ಎಂದು ನಗುವವರೂ ಇದ್ದಾರೆ.

ಸ್ವಚ್ಛ ಇಂಧನದ ಮಾತು ಬಂದರೆ ನಮ್ಮ ಕಣ್ಣು ಪಾವಗಡದ ಸೋಲಾರ್ ಪಾರ್ಕಿನತ್ತ, ಗದಗ–ಚಿತ್ರದುರ್ಗದ ಗಾಳಿಯಂತ್ರಗಳತ್ತ ಹೊರಳುತ್ತದೆ. ಬೆಳೆ, ಸೂಕ್ಷ್ಮಜೀವಿಗಳಿಂದ ಇಂಧನ, ಸರಕು ತಯಾರಿಸುವ ಜೈವಿಕ ಆರ್ಥಿಕತೆ ಎಂದರೆ ಬೆಂಗಳೂರಿನ ಲ್ಯಾಬುಗಳು. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಅದಕ್ಕೆ ಒತ್ತು ಕೊಡುವ ಬಯೋ–ಇ3 ನೀತಿಗೆ ಒಪ್ಪಿಗೆ ಕೊಟ್ಟಾಗಲೂ ಚರ್ಚೆಯೆಲ್ಲ ಆ ದಿಕ್ಕಿನಲ್ಲೇ ನಡೆಯಿತು. ಅತ್ತ ಉತ್ತರ ಕರ್ನಾಟಕಕ್ಕೆ ಈ ಆರ್ಥಿಕತೆ ಕಬ್ಬಿನ ಟ್ರ್ಯಾಕ್ಟರ್ ಏರಿ ಬಂದು ಎಷ್ಟೋ ವರ್ಷಗಳಾದವು. ಅದರ ಪಾಠಶಾಲೆ ಈ ಲಕ್ಷ್ಮಿಟೇಕ್‌ನಲ್ಲಿದೆ.

ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆ ಬೆಳಗಾವಿ. ಕೃಷ್ಣಾ ದಂಡೆಯ ಉಗಾರ ಖುರ್ದದಲ್ಲಿ ಶಿರಗಾಂವಕರ ಮನೆತನ ಸ್ವಾತಂತ್ರ್ಯಕ್ಕೂ ಮೊದಲೇ ಕಾರ್ಖಾನೆ ಕಟ್ಟಿತು. ಆಮೇಲೆ ಸಂಕೇಶ್ವರದಂಥ ಊರುಗಳಲ್ಲಿ ಸಹಕಾರಿ ಕಾರ್ಖಾನೆಗಳು ಎದ್ದವು. ರೇಣುಕಾ ಶುಗರ್ಸ್ 1998ರಲ್ಲಿ ಶುರುವಾಗಿದ್ದೂ ಇದೇ ಜಿಲ್ಲೆಯಲ್ಲಿ. ಇಷ್ಟೆಲ್ಲ ಕಾರ್ಖಾನೆಗಳಿಗೆ ಬೇಕಾದ ತಂತ್ರಜ್ಞರು ಮಾತ್ರ ಬಹುಕಾಲ ಹೊರಗೆ ಕಲಿತು ಬರಬೇಕಿತ್ತು. 1936ರಲ್ಲಿ ಆರಂಭವಾದ ಕಾನಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ, ಇಲ್ಲವಾದರೆ ಪುಣೆ ಹತ್ತಿರ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆ. ಕನ್ನಡದ ಹುಡುಗರು ಹಿಂದಿಯಲ್ಲೋ ಮರಾಠಿಯಲ್ಲೋ ಕೆಲಸ ಕಲಿತು ಅಥಣಿ, ಗೋಕಾಕಕ್ಕೆ ಮರಳುತ್ತಿದ್ದರು. ಆ ಕೊರತೆ ನೀಗಿಸಲು ಸರ್ಕಾರ ಮತ್ತು ಸಕ್ಕರೆ ಕಾರ್ಖಾನೆಗಳು ಕೂಡಿ ಕಟ್ಟಿದ ಸಂಸ್ಥೆಗೆ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯ ಹೆಸರಿಟ್ಟರು. ಸಕ್ಕರೆ ತಂತ್ರಜ್ಞಾನ, ಹುದುಗುವಿಕೆ ಮತ್ತು ಆಲ್ಕೋಹಾಲ್ ತಂತ್ರಜ್ಞಾನದಲ್ಲಿ ಇಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂ.ಎಸ್ಸಿ. ಇದೆ. ಕಾರ್ಖಾನೆಯಲ್ಲಿ ಆಗಲೇ ದುಡಿಯುತ್ತಿರುವವರಿಗಾಗಿ ಸಣ್ಣ ಸಣ್ಣ ತರಬೇತಿಗಳಿವೆ. ಕಬ್ಬಿನ ಬೇಸಾಯದ ವಿಭಾಗವೂ ಇದೆ.

ಕೋರ್ಸುಗಳ ಹೆಸರು ಬೇರೆ ಬೇರೆಯಾದರೂ ಕಲಿಸುವುದು ಬಹುಪಾಲು ಒಂದೇ ವಿದ್ಯೆ, ಲೆಕ್ಕ. ಒಂದು ಟನ್ ಕಬ್ಬು ಒಳಗೆ ಬಂತು, ಅದೆಲ್ಲ ಎಲ್ಲಿಗೆ ಹೋಯಿತು? ನೂರಕ್ಕೆ ಸುಮಾರು 70 ಪಾಲು ನೀರು. ನಮ್ಮ ಭಾಗದ ಒಳ್ಳೆಯ ಕಬ್ಬಾದರೆ ಸಕ್ಕರೆ ನೂರು ಕಿಲೋ ದಾಟುತ್ತದೆ. ಚಿಪಾಡಿ, ಅಂದರೆ ಬಗಾಸ್, 280ರಿಂದ 300 ಕಿಲೋ, ಅದರಲ್ಲಿ ಅರ್ಧ ತೇವ. ಹರಳು ತೆಗೆದ ಮೇಲೆ ಉಳಿಯುವ ಕಾಕಂಬಿ 40–45 ಕಿಲೋ. ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ 30–40 ಕಿಲೋ. ಲೆಕ್ಕ ಕೂಡದೆ ಉಳಿದದ್ದನ್ನು ಕಾರ್ಖಾನೆಯವರು ‘ಗೊತ್ತಿಲ್ಲದ ನಷ್ಟ’ ಎಂಬ ಖಾತೆಗೆ ಬರೆಯುತ್ತಾರೆ. ಆ ಖಾತೆಯನ್ನು ಸಣ್ಣದು ಮಾಡುವವನೇ ಒಳ್ಳೆಯ ಕೆಮಿಸ್ಟ್. ಹಿಂದೆ ಸಕ್ಕರೆ ಒಂದೇ ಮಾಲು, ಉಳಿದದ್ದು ಕಸ. ಈಗ ಆ ಕಸಕ್ಕೆಲ್ಲ ದರಪಟ್ಟಿ ಬಂದಿದೆ.

ಈ ವಿದ್ಯೆಯ ನಾಜೂಕು ಕಾಣಬೇಕಾದರೆ ಪ್ಯಾನಿನ ಮುಂದೆ ನಿಲ್ಲಬೇಕು. ಪ್ಯಾನ್ ಅಂದರೆ ರಸ ಕುದಿಸಿ ಹರಳು ಕಟ್ಟಿಸುವ ಎರಡಾಳೆತ್ತರದ ಉಕ್ಕಿನ ಪಾತ್ರೆ. ಒಳಗೆ ಗಾಳಿ ಹೀರಿ ತೆಗೆದಿರುತ್ತಾರೆ, ಹಾಗಾಗಿ ರಸ 60–65 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಸಕ್ಕರೆ ಸುಟ್ಟು ಕೆಂಪಾಗುವುದಿಲ್ಲ. ಪ್ಯಾನ್‌ಮನ್ ಪಕ್ಕದ ಕೊಳವೆಯಿಂದ ಹಿತ್ತಾಳೆಯ ಪ್ರೂಫ್ ಸ್ಟಿಕ್ ಎಳೆದು ಒಂದು ಚಮಚದಷ್ಟು ಪಾಕ ತೆಗೆಯುತ್ತಾನೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆಯುತ್ತಾನೆ, ದಾರ ಎಷ್ಟುದ್ದ ಬರುತ್ತದೆ ನೋಡುತ್ತಾನೆ. ಬಳಿಕ ಗಾಜಿನ ಪಟ್ಟಿಯ ಮೇಲೆ ಸವರಿ ಬಲ್ಬಿಗೆ ಅಡ್ಡ ಹಿಡಿಯುತ್ತಾನೆ. ಹರಳುಗಳು ಒಂದೇ ಸಮ ಮಿನುಗಬೇಕು. ನಡುನಡುವೆ ಪುಡಿಯಂಥ ಸುಳ್ಳು ಹರಳು ಕಂಡರೆ ತಕ್ಷಣ ನೀರು ಬಿಟ್ಟು ಕರಗಿಸಬೇಕು, ಇಲ್ಲವಾದರೆ ಇಡೀ ಪ್ಯಾನು ಕೆಡುತ್ತದೆ. ಈಗ ಇದಕ್ಕೆಲ್ಲ ಸೆನ್ಸರ್ ಬಂದಿದೆ, ಪರದೆಯ ಮೇಲೆ ಅಂಕಿ ಓಡುತ್ತದೆ. ಹಳೆಯ ಪ್ಯಾನ್‌ಮನ್‌ಗಳು ಮಾತ್ರ ಪರದೆ ನೋಡಿದ ಮೇಲೂ ಒಮ್ಮೆ ಬೆರಳಿಗೆ ಹಚ್ಚಿಕೊಳ್ಳುತ್ತಾರೆ. ವಿಜ್ಞಾನ ಓದಿದ ಹುಡುಗನೂ ಆ ಬೆರಳಿನ ಪಾಠ ಕಲಿಯದೆ ಈ ಕೆಲಸದಲ್ಲಿ ನಿಲ್ಲಲಾರ.

ಇನ್ನು ವಿದ್ಯುತ್ತು. ಹಳೆಯ ಕಾರ್ಖಾನೆಗಳು 21 ಅಥವಾ 32 ಬಾರ್ ಒತ್ತಡದ ಬಾಯ್ಲರಿನಲ್ಲಿ ಚಿಪಾಡಿ ಸುಟ್ಟು ತಮ್ಮ ಗಿರಣಿ ತಿರುಗಿದರೆ ಸಾಕು ಎನ್ನುತ್ತಿದ್ದವು. ಚಿಪಾಡಿ ಹೆಚ್ಚಾಗುವುದೇ ಅವರಿಗೆ ತಲೆನೋವು, ಹೇಗಾದರೂ ಸುಟ್ಟು ಮುಗಿಸಬೇಕಿತ್ತು. ಗ್ರಿಡ್ಡಿಗೆ ಮಾರುವ ದಾರಿ ತೆರೆದ ಮೇಲೆ 67, 87, 110 ಬಾರ್‌ನ ಬಾಯ್ಲರುಗಳು ಬಂದವು. ಅದೇ ಚಿಪಾಡಿ, ಅದೇ ಬೆಂಕಿ. ಒತ್ತಡ ಏರಿದಂತೆ ಒಂದು ಟನ್ ಕಬ್ಬಿನಿಂದ ಬರುವ ಯೂನಿಟ್‌ಗಳು ಮಾತ್ರ ಹಲವು ಪಟ್ಟು. ಜಲವಿದ್ಯುತ್ ಬತ್ತುವ ಬೇಸಿಗೆಗೆ ಸ್ವಲ್ಪ ಮುಂಚೆ, ನವೆಂಬರಿನಿಂದ ಮಾರ್ಚ್‌ವರೆಗಿನ ನುರಿಸುವ ಹಂಗಾಮಿನಲ್ಲಿ ಈ ವಿದ್ಯುತ್ತು ಸಿಗುತ್ತದೆ ಎಂಬುದು ರಾಜ್ಯಕ್ಕೆ ದೊಡ್ಡ ಅನುಕೂಲ.

ಕಾಕಂಬಿಯ ಕತೆ ಇನ್ನೂ ಉದ್ದ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಯೋಜನೆ 2003ರಲ್ಲೇ ಶುರುವಾದರೂ ಬಹುಕಾಲ ತೆವಳಿತು. 2018ರ ಜೈವಿಕ ಇಂಧನ ನೀತಿ ಬಂದ ಮೇಲೆ ಓಟ ಹಿಡಿಯಿತು. ಸಕ್ಕರೆಯನ್ನು ಪೂರ್ತಿ ಹಿಂಡಿ ತೆಗೆದ ಸಿ–ಹೆವಿ ಕಾಕಂಬಿ ಅಷ್ಟೇ ಅಲ್ಲ, ಅರ್ಧಕ್ಕೆ ನಿಲ್ಲಿಸಿದ ಬಿ–ಹೆವಿಯಿಂದಲೂ, ನೇರ ಕಬ್ಬಿನ ರಸದಿಂದಲೂ ಎಥೆನಾಲ್ ಮಾಡಬಹುದು ಎಂದಾಯಿತು. ಒಂದು ಟನ್ ಸಿ–ಹೆವಿಯಿಂದ 220–250 ಲೀಟರ್, ಬಿ–ಹೆವಿಯಿಂದ ಸುಮಾರು 300 ಲೀಟರ್, ರಸದಿಂದಾದರೆ ಟನ್ ಕಬ್ಬಿಗೆ 70 ಲೀಟರ್ ಆಸುಪಾಸು. 2022ರ ಜೂನ್‌ನಲ್ಲಿ ದೇಶ 10 ಪ್ರತಿಶತ ಮಿಶ್ರಣ ಮುಟ್ಟಿತು, 2025ರಲ್ಲಿ 20 ಪ್ರತಿಶತ. ಇದರ ನಡುವೆ, 2023ರ ಡಿಸೆಂಬರಿನಲ್ಲಿ, ಸಕ್ಕರೆ ಕಡಿಮೆಯಾದೀತು ಎಂದು ಕೇಂದ್ರ ಸರ್ಕಾರ ರಸದ ಎಥೆನಾಲ್‌ಗೆ ಏಕಾಏಕಿ ತಡೆ ಹಾಕಿತು, ಮುಂದೆ 2024ರ ಆಗಸ್ಟಿನಲ್ಲಿ ಸಡಿಲಿಸಿತು. ಕೋಟಿಗಟ್ಟಲೆ ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರ ಎದೆ ಆ ತಿಂಗಳುಗಳಲ್ಲಿ ಹೇಗೆ ಬಡಿದುಕೊಂಡಿತೋ! ಹುದುಗುವಿಕೆಯ ತರಗತಿಗೆ ಯೀಸ್ಟ್‌ನ ಜೊತೆಗೆ ದೆಹಲಿಯ ಆದೇಶಗಳೂ ಪಠ್ಯವಾಗಬೇಕಾದ ಕಾಲ ಇದು.

ಇಲ್ಲಿಯವರೆಗೆ ಹೇಳಿದ್ದು ಕಾರ್ಖಾನೆಯವರು ತಾವಾಗಿ ಹೇಳುವ ಲೆಕ್ಕ. ಹೇಳದ ಲೆಕ್ಕವೂ ಉಂಟು. ಒಂದು ಲೀಟರ್ ಆಲ್ಕೋಹಾಲ್ ಬಟ್ಟಿ ಇಳಿಸಿದರೆ 8ರಿಂದ 15 ಲೀಟರ್ ಸ್ಪೆಂಟ್‌ವಾಶ್ ಉಳಿಯುತ್ತದೆ. ಕಾಫಿ ಡಿಕಾಕ್ಷನ್ನಿನಂಥ ಬಣ್ಣ, ಮೂಗು ಮುಚ್ಚಿಕೊಳ್ಳುವ ನಾತ. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ತೇಲಿಸುತ್ತದೆ. ಈಗ ಒಂದು ಹನಿಯೂ ಆವರಣ ದಾಟಬಾರದು ಎಂಬ ನಿಯಮವಿದೆ. ಹಾಗಾಗಿ ಅದನ್ನು ಬತ್ತಿಸಿ ಗಟ್ಟಿ ಮಾಡಿ ವಿಶೇಷ ಬಾಯ್ಲರಿನಲ್ಲಿ ಸುಡುತ್ತಾರೆ, ಉಳಿದ ಬೂದಿಯಲ್ಲಿ ಪೊಟ್ಯಾಷ್ ಸಿಗುತ್ತದೆ. ಆ ಬೂದಿಯನ್ನು ಮತ್ತೆ ಕಬ್ಬಿನ ಗದ್ದೆಗೆ ಗೊಬ್ಬರವಾಗಿ ಒಯ್ದರೆ ಲೆಕ್ಕ ಒಂದು ಸುತ್ತು ಪೂರ್ಣ. ಪ್ರೆಸ್‌ಮಡ್ಡಿನಿಂದ ವಾಹನಕ್ಕೆ ತುಂಬುವ ಜೈವಿಕ ಅನಿಲ ಮಾಡಬಹುದು, ಒಂದು ಟನ್ನಿಗೆ ಸುಮಾರು 40 ಕಿಲೋ. ತೊಡಕೆಂದರೆ ಪ್ರೆಸ್‌ಮಡ್ ಬರುವುದು ನಾಲ್ಕೈದು ತಿಂಗಳು, ಅನಿಲ ಬೇಕಾದ್ದು ವರ್ಷವಿಡೀ. ಬಯಲಲ್ಲಿ ರಾಶಿ ಹಾಕಿದರೆ ಅದರ ಸತ್ವ ವಾರವಾರಕ್ಕೂ ಗಾಳಿಗೆ ಹೋಗುತ್ತದೆ. ಇದನ್ನು ಕೆಡದಂತೆ ಕಾಯ್ದಿಡುವುದು ಹೇಗೆ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡೀತು. ಪಿಎಚ್.ಡಿ.ಗೆ ವಿಷಯ ಹುಡುಕುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯದು ಬೇಕೆ?

ನೀರಿನ ಲೆಕ್ಕ ಎಲ್ಲಕ್ಕಿಂತ ಕಠಿಣ. ನೀತಿ ಆಯೋಗದ 2021ರ ಎಥೆನಾಲ್ ಮಾರ್ಗಸೂಚಿಯೇ ಕಬ್ಬಿನಿಂದ ಬರುವ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಎಂದು ಅಂದಾಜು ಮಾಡಿದೆ. ಮಲಪ್ರಭಾ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಸುರಿದ ಮಳೆ ನವಿಲುತೀರ್ಥದ ಅಣೆಕಟ್ಟೆಗೆ ಬಂದು ಸವದತ್ತಿ, ನರಗುಂದ, ನವಲಗುಂದದ ಕಡೆ ಹರಿಯುವಷ್ಟರಲ್ಲಿ ಕಬ್ಬಿಗೆಷ್ಟು, ಕುಡಿಯಲಿಕ್ಕೆಷ್ಟು ಎಂಬ ಜಗಳ ಎದ್ದಿರುತ್ತದೆ. ಭತ್ತ ಮತ್ತು ಕಾಡಿನ ನಾಡಾದ ಖಾನಾಪುರಕ್ಕೂ ಈಗ ಕಾರ್ಖಾನೆ ಬಂದಿದೆ, ಕಬ್ಬು ಬಂದಿದೆ. ಪೆಟ್ರೋಲ್ ಬಂಕಿನಲ್ಲಿ ಹಸಿರು ಎನಿಸುವ ಇಂಧನ ಹೊಳೆಯ ದಂಡೆಯಲ್ಲಿ ನಿಂತು ನೋಡಿದರೆ ಅಷ್ಟು ಹಸಿರಾಗಿ ಕಾಣುವುದಿಲ್ಲ. ಹನಿ ನೀರಾವರಿ, ಕಬ್ಬಿನ ಒಣ ಎಲೆಯಾದ ರವದಿಗೆ ಬೆಂಕಿ ಹಚ್ಚದೆ ಹೊಲದಲ್ಲೇ ಹೊದಿಸುವುದು, ಕುಳೆ ಬೆಳೆಯ ಆರೈಕೆ – ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಸಂಶೋಧನಾ ಕೇಂದ್ರದಂಥವರು ಹೇಳುತ್ತ ಬಂದ ಈ ಮಾತುಗಳನ್ನು ಇಂಧನದ ಪಾಠ ಎಂದೇ ಓದಬೇಕು.

ರೈತ ಕೇಳುವ ಲೆಕ್ಕ ಬೇರೆ, ಅವನದು ರಿಕವರಿ, ಅಂದರೆ ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ 10.25 ರಿಕವರಿಗೆ ಟನ್ನಿಗೆ 3,550 ರೂಪಾಯಿ. ಕಟಾವು, ಸಾಗಣೆಯ ಖರ್ಚು ಇದರಲ್ಲೇ ಮುರಿದುಕೊಳ್ಳುತ್ತಾರೆ. ರಿಕವರಿ 0.1ರಷ್ಟು ಏರಿದರೆ ಟನ್ನಿಗೆ 34 ರೂಪಾಯಿ 60 ಪೈಸೆ ಹೆಚ್ಚು. ನೂರು ಟನ್ ಕಳಿಸಿದ ರೈತನಿಗೆ ದಶಾಂಶದ ಆಚೆಯ ಒಂದು ಅಂಕಿ ಎಂದರೆ 3,460 ರೂಪಾಯಿ. ಆ ಅಂಕಿಯನ್ನು ಕಂಡುಹಿಡಿಯುವುದು ಕಬ್ಬು ಕೊಳ್ಳುವ ಕಾರ್ಖಾನೆಯದೇ ಲ್ಯಾಬು. ಬಿ–ಹೆವಿ ಮಾಡಿದಾಗ ಎಥೆನಾಲ್‌ಗೆ ಹೋದ ಸಕ್ಕರೆಯನ್ನು ಲೆಕ್ಕಕ್ಕೆ ಮರಳಿ ಕೂಡಿಸಬೇಕು. ಕೂಡಿಸಿದರೋ ಇಲ್ಲವೋ ಎಂಬ ಅನುಮಾನ ಊರೂರಿನ ಕಟ್ಟೆಯ ಮೇಲಿದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಟಾವು, ಸಾಗಣೆಯ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿ ಧರಣಿ ಕೂತರು. ಕೊನೆಗೆ ಮುಖ್ಯಮಂತ್ರಿ ಮಧ್ಯೆ ಬಂದು 11.25 ರಿಕವರಿಗೆ 3,300 ಎಂದು ತೀರ್ಮಾನವಾಯಿತು. ರಸ್ತೆ ಮೇಲಿನ ಆ ಹಟದ ಹಿಂದೆ ದರದಷ್ಟೇ, ಅಳತೆಯ ಮೇಲಿನ ಅಪನಂಬಿಕೆಯೂ ಇತ್ತು.

ಕರ್ನಾಟಕದಲ್ಲಿ ಇಂಧನ ಸಂಶೋಧನೆ ಹಳ್ಳಿಗೆ ಹೋದ ಉದಾಹರಣೆಗಳು ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರ ತುಮಕೂರು ಜಿಲ್ಲೆಯ ಊರುಗಳಲ್ಲಿ ಕೂತು ಒಲೆ, ಸಗಣಿ ಅನಿಲ, ಸೌದೆಯ ಲೆಕ್ಕ ಬರೆಯಿತು. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಹೊಂಗೆ, ಬೇವಿನ ಬೀಜ ತಂದ ರೈತರಿಗೆ ಗಾಣದ ದಾರಿ ತೋರಿಸಿತು. ಅವರೆಲ್ಲ ಜನರ ಕಡೆ ಕೂತು ಲೆಕ್ಕ ಮಾಡಿದವರು. ಬೆಳಗಾವಿಯ ಸಂಸ್ಥೆಗೆ ಕಾರ್ಖಾನೆಯೂ ಬೇಕು, ರೈತನೂ ಬೇಕು. ಇಬ್ಬರ ನಡುವೆ ನಿಲ್ಲುವ ಜಾಗ ಅದಕ್ಕೆ ಹುಟ್ಟಿನಿಂದಲೇ ಸಿಕ್ಕಿದೆ, ಅದನ್ನು ಇನ್ನೂ ಗಟ್ಟಿಯಾಗಿ ಬಳಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹಂಗಾಮಿನ ಪ್ರತಿ ವಾರ ಪ್ರತಿ ಕಾರ್ಖಾನೆಯ ರಿಕವರಿ, ಸ್ಪೆಂಟ್‌ವಾಶ್, ನೀರಿನ ಬಳಕೆಯನ್ನು ತಟಸ್ಥವಾಗಿ ಅಳೆದು, ಕನ್ನಡದಲ್ಲಿ, ರೈತನಿಗೆ ತಿಳಿಯುವ ಹಾಗೆ ಗ್ರಾಮ ಪಂಚಾಯಿತಿಯ ಫಲಕಕ್ಕೆ ತಲುಪಿಸುವ ಅಧಿಕಾರವನ್ನೂ ಹಣವನ್ನೂ ಸರ್ಕಾರ ಈ ಸಂಸ್ಥೆಗೆ ಕೊಡಬೇಕು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಬಸ್ಸಿಗೆ ಚೀಟಿ ತೆಗೆಸಲು ಹೊರಟ ಬೈಲಹೊಂಗಲ, ರಾಯಬಾಗ, ಖಾನಾಪುರದ ಹುಡುಗ ಹುಡುಗಿಯರು ಅದಕ್ಕೂ ಮೊದಲು ಗಣೇಶಪುರ ರಸ್ತೆಯ ಈ ಕಾಲೇಜಿನಲ್ಲಿ ಪ್ರವೇಶದ ವಿವರ ಕೇಳಿಕೊಂಡು ಬರಲಿ.