ಎಣ್ಣೆ ಕಲೆ ತೊಳೆಯಲು ಸೂಕ್ಷ್ಮಾಣುಗಳ ಸಾಬೂನು

ಬೆಂಗಳೂರು: 2017ರ ಜನವರಿ 28ರಂದು ಚೆನ್ನೈ ಸಮೀಪದ ಎಣ್ಣೂರು ಬಳಿ ಸಮುದ್ರದಲ್ಲಿ ಎರಡು ಹಡಗುಗಳು ಪರಸ್ಪರ ಡಿಕ್ಕಿ ಹೊಡೆದವು. ಸೋರಿದ ದಪ್ಪ ಎಣ್ಣೆ ದಡ ಸೇರಿ ಬಂಡೆಗಳಿಗೆ ಮೆತ್ತಿಕೊಂಡಿತು. ಕರಾವಳಿ ಕಾವಲು ಪಡೆಯ ಸಿಬ್ಬಂದಿ, ಮೀನುಗಾರರು ಹಾಗೂ ವಿದ್ಯಾರ್ಥಿಗಳು ಬಕೆಟ್ ಹಿಡಿದು ಅದನ್ನು ಮೊಗೆಯುತ್ತಿದ್ದ ದೃಶ್ಯವನ್ನು ದೇಶವೇ ನೋಡಿತು. ಆದರೆ ಬಕೆಟ್ಟಿಗೆ ಸಿಗದೆ ಕಲ್ಲು, ಮರಳಿನಲ್ಲಿ ಉಳಿಯುವ ಎಣ್ಣೆಯನ್ನು ತೆಗೆಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಸೂಚಿಸುವ ಮಾರ್ಗಗಳಲ್ಲಿ ಒಂದು ‘ಜೈವಿಕ ಸರ್ಫ್ಯಾಕ್ಟಂಟ್’.

ಏನಿದು?

ಸರ್ಫ್ಯಾಕ್ಟಂಟ್ ಎಂದರೆ ಸಾಬೂನಿನ ಗುಣವುಳ್ಳ ವಸ್ತು. ಅದರ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಬೆರೆಯುತ್ತದೆ. ಎಣ್ಣೆಯನ್ನೇ ಆಹಾರವಾಗಿಸಿಕೊಂಡ ಕೆಲವು ಬ್ಯಾಕ್ಟೀರಿಯಾಗಳು ಇಂತಹ ವಸ್ತುವನ್ನು ತಾವೇ ಸ್ರವಿಸುತ್ತವೆ. ಸ್ಯೂಡೊಮೊನಾಸ್ ನೀಡುವ ರಾಮ್ನೊಲಿಪಿಡ್, ಬ್ಯಾಸಿಲಸ್ ಸಬ್ಟಿಲಿಸ್ ನೀಡುವ ಸರ್ಫ್ಯಾಕ್ಟಿನ್ ಇವುಗಳಲ್ಲಿ ಪ್ರಮುಖವಾದವು. ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಅತ್ಯಲ್ಪ ಪ್ರಮಾಣದ ಸರ್ಫ್ಯಾಕ್ಟಿನ್ ಅದನ್ನು 27ಕ್ಕೆ ಇಳಿಸಬಲ್ಲದು.

1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸೋರಿತ್ತು. ಅಲ್ಲಿನ ಎಣ್ಣೆ ಹತ್ತಿದ ಜಲ್ಲಿಕಲ್ಲುಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬರಿಯ ನೀರಿಗಿಂತ ಸ್ಯೂಡೊಮೊನಾಸ್‌ನ ಸರ್ಫ್ಯಾಕ್ಟಂಟ್ ಎರಡರಿಂದ ಮೂರು ಪಟ್ಟು ಹೆಚ್ಚು ಎಣ್ಣೆಯನ್ನು ಬಿಡಿಸಿತು.

ರಾಸಾಯನಿಕವೇಕೆ ಸಾಲದು?

2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಸುಮಾರು 70 ಲಕ್ಷ ಲೀಟರ್ ರಾಸಾಯನಿಕ ಚದುರಿಕೆ ದ್ರವವನ್ನು ಬಳಸಲಾಯಿತು. ಜಲಚರಗಳ ಮೇಲೆ ಅದು ಬೀರುವ ಪರಿಣಾಮದ ಕುರಿತು ವಿವಾದವೆದ್ದಿತು. ಡಿಟರ್ಜಂಟ್ ಬೆರೆತ ಕೊಳಚೆ ನೀರಿನಿಂದ ನೊರೆಯೆದ್ದ ಬೆಳ್ಳಂದೂರು ಕೆರೆಯನ್ನು ಕಂಡವರಿಗೆ, ತೊಳೆಯುವ ವಸ್ತುವೇ ಮಾಲಿನ್ಯವಾಗುವ ಬಗೆ ಹೊಸದಲ್ಲ. ಜೈವಿಕ ಸರ್ಫ್ಯಾಕ್ಟಂಟ್‌ಗಳು ಸಾಮಾನ್ಯವಾಗಿ ಕಡಿಮೆ ವಿಷಕಾರಿ; ಕೆಲಸ ಮುಗಿದ ಬಳಿಕ ಬೇಗನೆ ಕೊಳೆತು ಕರಗುತ್ತವೆ.

ಅಡ್ಡಿ ಎಲ್ಲಿ?

ಅಡ್ಡಿಯಿರುವುದು ಉತ್ಪಾದನೆಯಲ್ಲಿ. ಸಕ್ಕರೆ ಅಥವಾ ಎಣ್ಣೆ ಬೆರೆಸಿದ ದ್ರಾವಣದಲ್ಲಿ, ಗಾಳಿಯೂಡಿಸುವ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕು. ಸಾಬೂನಿನ ದ್ರಾವಣಕ್ಕೆ ಗಾಳಿ ಊದಿದಂತೆ ತೊಟ್ಟಿಯಿಂದ ನೊರೆ ಉಕ್ಕುತ್ತದೆ. ನಂತರ ಆಮ್ಲ ಸೇರಿಸಿ ವಸ್ತುವನ್ನು ತಳಕ್ಕಿಳಿಸಿ ಬೇರ್ಪಡಿಸಿ ಶುದ್ಧಗೊಳಿಸಬೇಕು. ವೆಚ್ಚದ ದೊಡ್ಡ ಪಾಲು ಈ ಹಂತದ್ದೇ. ಜೊತೆಗೆ, ರಾಮ್ನೊಲಿಪಿಡ್ ನೀಡುವ ಸ್ಯೂಡೊಮೊನಾಸ್ ಏರುಜಿನೋಸಾ ದುರ್ಬಲರಲ್ಲಿ ಸೋಂಕು ಉಂಟುಮಾಡಬಲ್ಲದು. ಆದ್ದರಿಂದ ಅದರ ವಂಶವಾಹಿಗಳನ್ನು ನಿರಪಾಯಕಾರಿ ಬ್ಯಾಕ್ಟೀರಿಯಾಗಳಿಗೆ ಸೇರಿಸಿ ಬೆಳೆಸುವ ವಿಧಾನ ರೂಪುಗೊಂಡಿದೆ.

ಕಾಕಂಬಿ, ಕರಿದು ಉಳಿದ ಎಣ್ಣೆಯಂತಹ ತ್ಯಾಜ್ಯಗಳನ್ನು ಕಚ್ಚಾವಸ್ತುವಾಗಿ ಬಳಸಿ ವೆಚ್ಚ ತಗ್ಗಿಸುವ ಪ್ರಯೋಗಗಳು ನಡೆದಿವೆ. ಜರ್ಮನಿಯ ಇವೋನಿಕ್ ಕಂಪನಿ 2024ರಲ್ಲಿ ಸ್ಲೊವಾಕಿಯಾದಲ್ಲಿ ರಾಮ್ನೊಲಿಪಿಡ್ ಕಾರ್ಖಾನೆ ಆರಂಭಿಸಿತು. ಅದರ ಮುಖ್ಯ ಗುರಿ ಶಾಂಪೂ ಮತ್ತು ಶುಚಿಕಾರಕಗಳ ಮಾರುಕಟ್ಟೆ. ಸಮುದ್ರ ತೀರ ತೊಳೆಯಲು ಟನ್ನುಗಟ್ಟಲೆ ವಸ್ತು ಬೇಕು. ಮನೆಬಳಕೆಯ ಬೇಡಿಕೆಯಿಂದ ಬೆಲೆ ಇಳಿದರೆ ಮಾತ್ರ ಅದು ದಡದಲ್ಲಿ ಬಕೆಟ್ ಹಿಡಿದು ನಿಂತವರ ಕೈಗೆಟುಕೀತು.