ಜಗಳೂರಿನ ಒಣಗಾಳಿಯಲ್ಲಿ ಗಾಜಿನೊಳಗಿನ ಕಡಲು

ಕಡಲಮೀನು ಸಾಕುವುದಿದ್ದರೆ ಮಂಗಳೂರೇ ಸರಿ, ಜಗಳೂರಿನಲ್ಲಿ ಅದೆಲ್ಲಿ ಆಗುತ್ತದೆ ಎಂದು ಯಾರಿಗಾದರೂ ಅನ್ನಿಸೀತು. ಉಪ್ಪುನೀರು ತರುವ ಮಾತಾದರೆ ಅದು ನಿಜ. ಆ ನೀರನ್ನು ತಂಪಾಗಿಡುವ ಮಾತಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಒಂದು ಪುಟ್ಟ ಫ್ಯಾನ್ ಜಗಳೂರಿನಲ್ಲಿ ಮಾಡುವ ಕೆಲಸವನ್ನು ಅದೇ ಫ್ಯಾನ್ ಕಡಲ ದಂಡೆಯಲ್ಲಿ ಮಾಡಲಾರದು.

ಮೊದಲು ಮೀನಿನ ಕಷ್ಟ ಏನೆಂದು ನೋಡೋಣ. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಕ್ಲೌನ್ ಮೀನು ಹವಳದ ದಿಬ್ಬಗಳ ನಡುವೆ ಬಾಳುವ ಜೀವಿ. ಅಲ್ಲಿನ ನೀರು ಹಗಲಿಗೂ ರಾತ್ರಿಗೂ ಹೆಚ್ಚೆಂದರೆ ಒಂದೆರಡು ಡಿಗ್ರಿ ಏರಿಳಿಯುತ್ತದೆ. ಮೀನಿಗೆ ತನ್ನದೇ ಮೈಶಾಖ ಇಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. ನೀರು ಬಿಸಿಯಾದಂತೆ ಅದರ ಉಸಿರಾಟ, ಜೀರ್ಣಕ್ರಿಯೆ ಎಲ್ಲವೂ ಚುರುಕಾಗಿ ಹೆಚ್ಚು ಆಮ್ಲಜನಕ ಬೇಡುತ್ತವೆ. ಅದೇ ಹೊತ್ತಿಗೆ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಕಡಲನೀರು ಹಿಡಿಯುವುದು 6.7 ಮಾತ್ರ. 32 ಡಿಗ್ರಿಗೆ ಅದು 6ರ ಆಸುಪಾಸಿಗೆ ಇಳಿಯುತ್ತದೆ. ಬೇಡಿಕೆ ಮೇಲೆ, ಪೂರೈಕೆ ಕೆಳಗೆ. ಹಾಗಾಗಿ ಸಾಕುವವರು 24ರಿಂದ 27 ಡಿಗ್ರಿಯ ನಡುವೆ ನೀರನ್ನು ಹಿಡಿದಿಡಲು ನೋಡುತ್ತಾರೆ.

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ಒಂದು ಉರಿಬಿಸಿಲಿಗೆ ಜಗ್ಗುವುದಿಲ್ಲ. ಅಷ್ಟು ನೀರಿಗೆ ಒಂದು ಹಗಲಿನ ಶಾಖ ಏನೂ ಅಲ್ಲ. 60 ಲೀಟರಿನ ಗಾಜಿನ ತೊಟ್ಟಿಯ ಕಥೆ ಬೇರೆ. ನೀರಿನೊಳಗೆ ಮುಳುಗಿ ಓಡುವ 10 ವ್ಯಾಟಿನ ಪಂಪ್ ಒಂದನ್ನೇ ತೆಗೆದುಕೊಳ್ಳಿ. ಅದು ತಿನ್ನುವ ಕರೆಂಟೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖ ಹೊರಹೋಗಲು ದಾರಿ ಇಲ್ಲದಿದ್ದರೆ ಒಂದು ದಿನದಲ್ಲಿ ತೊಟ್ಟಿ ಸುಮಾರು ಮೂರೂವರೆ ಡಿಗ್ರಿ ಏರುತ್ತದೆ. ದೀಪದ ಬಿಸಿ, ಕೋಣೆಯ ಸೆಕೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮನೆ ತಾರಸಿಯದಾದರೆ ಇನ್ನೊಂದು ತಂಟೆ ಇದೆ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಮಧ್ಯಾಹ್ನ ಎರಡಕ್ಕೆ ಥರ್ಮಾಮೀಟರ್ ನೋಡಿ ಸಮಾಧಾನಪಟ್ಟವರು ರಾತ್ರಿ ಎಂಟಕ್ಕೆ ಮತ್ತೊಮ್ಮೆ ನೋಡಬೇಕು. ತೊಟ್ಟಿ ಅತಿ ಬಿಸಿಯಾಗುವುದು ಆ ಹೊತ್ತಿನಲ್ಲಿ. ಪಡುವಣ ಗೋಡೆಗೆ ತಾಗಿಸಿ ತೊಟ್ಟಿ ಇಡುವುದಂತೂ ಬೇಡವೇ ಬೇಡ.

ಇನ್ನು ಫ್ಯಾನಿಗೆ ಬರೋಣ. ಮುಚ್ಚಳ ತೆಗೆದು, ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವಂತೆ ಒಂದು ಚಿಕ್ಕ ಫ್ಯಾನ್ ಕಟ್ಟಿದರೆ ನೀರು ಬೇಗ ಬೇಗ ಆವಿಯಾಗುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು; ಅದನ್ನು ಉಳಿದ ನೀರೇ ಕೊಡಬೇಕು. ನಮ್ಮ 60 ಲೀಟರ್ ಒಂದು ಡಿಗ್ರಿ ತಣಿಯಲು ಕಳೆದುಕೊಳ್ಳಬೇಕಾದ್ದು 250 ಕಿಲೋಜೂಲ್. ಅಂದರೆ ಒಂದು ಚಿಕ್ಕ ಲೋಟದಷ್ಟು, 100 ಮಿಲಿಲೀಟರ್ ನೀರು ಹಾರಿಹೋದರೆ ಇಡೀ ತೊಟ್ಟಿ ಹತ್ತಿರಹತ್ತಿರ ಒಂದು ಡಿಗ್ರಿ ಇಳಿಯುತ್ತದೆ. ಮಣ್ಣಿನ ಹೂಜಿ ಬೆವರಿ ನೀರನ್ನು ತಣ್ಣಗಿಡುವುದೂ ಹೀಗೇ. ಐಸಿನ ಜೊತೆ ಹೋಲಿಸಿದರೆ ಇದರ ಬಲ ತಿಳಿಯುತ್ತದೆ: ಒಂದು ಕಿಲೋ ಐಸ್ ಕರಗಿ 26 ಡಿಗ್ರಿಗೆ ಬರುವವರೆಗೆ ಹೀರುವುದು ಸುಮಾರು 440 ಕಿಲೋಜೂಲ್. ಆವಿಯಾಗುವ ಅಷ್ಟೇ ನೀರು ಅದರ ಐದು ಪಟ್ಟಿಗಿಂತ ಹೆಚ್ಚು ಶಾಖ ಹೊತ್ತೊಯ್ಯುತ್ತದೆ.

ಆದರೆ ಗಾಳಿ ತೇವವನ್ನು ಹೀರಿಕೊಳ್ಳಲು ಒಪ್ಪಬೇಕಲ್ಲ. ಇಲ್ಲಿ ಊರಿನಿಂದ ಊರಿಗೆ ವ್ಯತ್ಯಾಸ. ಥರ್ಮಾಮೀಟರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಲ್ಲಿಗೆ ಇಳಿದು ನಿಲ್ಲುತ್ತದೋ ಅದು ಒದ್ದೆ ಬಲ್ಬ್ ಉಷ್ಣತೆ. ಯಾವ ಫ್ಯಾನೂ ನೀರನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಗಾಳಿ 38 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಆ ಗೆರೆ 21 ಡಿಗ್ರಿಯ ಹತ್ತಿರ. ಗಾಳಿ 34 ಡಿಗ್ರಿಯೇ ಇದ್ದು ತೇವಾಂಶ ಶೇ. 65 ಆದರೆ ಗೆರೆ 28 ದಾಟುತ್ತದೆ. ಮೊದಲನೆಯದು ಜಗಳೂರು ಕಡೆಯ ಒಣ ಬೇಸಿಗೆ; ಎರಡನೆಯದು ಕರಾವಳಿ. ತೊಟ್ಟಿಯ ಫ್ಯಾನ್ ಆ ಗೆರೆ ಮುಟ್ಟುವುದಿಲ್ಲ, ಅದಕ್ಕಿಂತ ಮೇಲೆಯೇ ನಿಲ್ಲುತ್ತದೆ. ಆದರೂ ಕೆಳಗೆ ಜಾಗ ಇರುವ ಕಡೆ ಇಳಿಯುತ್ತದೆ, ಇಲ್ಲದ ಕಡೆ ಸುಮ್ಮನೆ ತಿರುಗುತ್ತದೆ.

ಜಗಳೂರಿರುವ ಜಿಲ್ಲೆಯ ಒಳಗೂ ಇದು ಬದಲಾಗುತ್ತದೆ. ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ಅಡಿಕೆ ತೋಟದ ಮಗ್ಗುಲಲ್ಲೋ, ಹೊನ್ನಾಳಿಯ ಹೊಳೆದಂಡೆಯ ಗದ್ದೆಗಳ ನಡುವೆಯೋ ಇರುವ ಮನೆಯ ಗಾಳಿ ಜಗಳೂರಿನಷ್ಟು ಒಣಗಿರುವುದಿಲ್ಲ. ನ್ಯಾಮತಿ ಮಲೆನಾಡಿನ ಸೆರಗಿಗೆ ಇನ್ನೂ ಹತ್ತಿರ. ಮುಂಗಾರು ಗಟ್ಟಿಯಾಗಿ ಹಿಡಿದ ಮೇಲೆ ಚಿಂತೆಯಿಲ್ಲ, ಕೋಣೆಯೇ ತಂಪಾಗಿರುತ್ತದೆ. ಕಾಡುವುದು ಭರಣಿ, ಕೃತ್ತಿಕೆ ಮಳೆಗಳ ದಿನಗಳು: ಸಂಜೆ ಒಂದು ಹದ ಮಳೆ ಬಿದ್ದು ನಿಂತು, ನೆಲ ಹಬೆಯಾಡಿ, ಸೆಕೆ ಮಾತ್ರ ಹೋಗದ ರಾತ್ರಿಗಳು. ಆಗ ಫ್ಯಾನ್ ಕೈಕೊಡುತ್ತದೆ. ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಗಟ್ಟಿಸಿ, ಮುಚ್ಚಳ ಬಿಗಿದು ತೇಲಿಬಿಟ್ಟರೆ ತೊಟ್ಟಿ ಒಂದು ಡಿಗ್ರಿಗಿಂತ ತುಸು ಕಡಿಮೆ ಇಳಿಯುತ್ತದೆ. ಗಾಬರಿಯಿಂದ ನಾಲ್ಕು ಬಾಟಲಿ ಒಟ್ಟಿಗೆ ಬಿಟ್ಟವರು ಮೀನನ್ನು ಸೆಕೆಯಿಂದ ತಪ್ಪಿಸಿ ಚಳಿಗೆ ಕೊಟ್ಟಂತೆ. ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವ ಚಿಲ್ಲರ್ ಇದ್ದರೆ ಇದೆಲ್ಲ ಬೇಕಿಲ್ಲ. ಆದರೆ ಅದು ನೀರಿನ ಬಿಸಿಯನ್ನು ಅದೇ ಕೋಣೆಗೆ ಉಗುಳುವುದರಿಂದ ಕಿಟಕಿ ಮುಚ್ಚಿಟ್ಟು ಓಡಿಸಬಾರದು.

ಒಣಗಾಳಿಯ ಉಪಕಾರ ಪುಕ್ಕಟೆಯಲ್ಲ. ಕೋಣೆ 34 ಡಿಗ್ರಿ ಇದ್ದು ತೊಟ್ಟಿಯನ್ನು 26ರಲ್ಲಿ ಹಿಡಿಯಬೇಕಾದರೆ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಹಾರುತ್ತದೆ. ಹಾರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಲನೀರಿನಲ್ಲಿ ಕಿಲೋಗೆ 35 ಗ್ರಾಂ ಉಪ್ಪು. ಒಂದು ವಾರ ನೀರು ತುಂಬದೆ ಬಿಟ್ಟರೆ ಅದು 45 ದಾಟಿ, ಸೆಕೆಯಿಂದ ಉಳಿದ ಮೀನು ಉಪ್ಪಿನಿಂದ ಸಾಯಬಹುದು. ಆದ್ದರಿಂದ ಗಾಜಿನ ಮೇಲೆ ಒಂದು ಗೆರೆ ಎಳೆದಿಟ್ಟು ದಿನಾ ಆ ಮಟ್ಟಕ್ಕೆ ನೀರು ತುಂಬಬೇಕು. ತುಂಬಬೇಕಾದ್ದು ಸಿಹಿನೀರು, ಉಪ್ಪು ಬೆರೆಸಿದ್ದಲ್ಲ. ಹೊಸಬರು ಎಡವುವುದೇ ಇಲ್ಲಿ. ಹಾಗೆಂದು ಬೋರ್‌ವೆಲ್ ನೀರನ್ನೂ ಸುರಿಯುವಂತಿಲ್ಲ. ಅದರ ಗಡಸುತನವೆಲ್ಲ ತೊಟ್ಟಿಯಲ್ಲೇ ಕೂಡಿಕೊಳ್ಳುತ್ತ ಹೋಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು ವಾಸಿ. ಮೊದಲ ಸಲ ಕಡಲನೀರು ತಯಾರಿಸುವಾಗ ಅಡುಗೆ ಉಪ್ಪು ನಡೆಯದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದ ಅಕ್ವೇರಿಯಂ ಉಪ್ಪೇ ಬೇಕು.

ಚಳಿಗಾಲ ಸುಲಭ. ಡಿಸೆಂಬರ್ ರಾತ್ರಿಗಳಿಗೆ 60 ಲೀಟರಿಗೆ ಒಟ್ಟು 50–60 ವ್ಯಾಟಿನ ಹೀಟರ್ ಸಾಕು. ಅದರೊಳಗಿನ ಥರ್ಮೋಸ್ಟಾಟ್ ಕೆಲವೊಮ್ಮೆ ಆನ್ ಆದಲ್ಲೇ ಅಂಟಿಕೊಂಡು ನೀರನ್ನು ಕಾಯಿಸುತ್ತಲೇ ಇರುತ್ತದೆ. ಅದಕ್ಕೇ ದೊಡ್ಡದೊಂದರ ಬದಲು ಚಿಕ್ಕವೆರಡು ಹಾಕಿ, ಬೇರೊಂದು ನಿಯಂತ್ರಕದ ಮೂಲಕ ಓಡಿಸುವುದು ಜಾಣತನ.

ಹವಳ ಸಾಕುವ ಆಸೆ ಬಂದರೆ ತಡೆಯಿರಿ. ಬೇಸಿಗೆಯ ಗರಿಷ್ಠ ಸರಾಸರಿಗಿಂತ ಒಂದೇ ಡಿಗ್ರಿ ಹೆಚ್ಚಿನ ನೀರು ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ; 2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಅದಕ್ಕೂ ಮೊದಲಿನ ಮಾತು, ದಿಬ್ಬ ಕಟ್ಟುವ ಗಟ್ಟಿ ಹವಳಗಳೂ ಕಡಲಕುದುರೆಗಳೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದಂಥವು. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಸಾಕುಮನೆಯಲ್ಲೇ ಹುಟ್ಟಿದ ಮರಿ ಸಿಗುವಾಗ ಕಡಲಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಉಳಿದದ್ದು ಕರೆಂಟು. ಚಿಲ್ಲರನ್ನು ಮನೆಯ ಇನ್ವರ್ಟರ್ ಹೆಚ್ಚು ಹೊತ್ತು ಎಳೆಯದು. ಎರಡು ಮೂರು ವ್ಯಾಟಿನ 12 ವೋಲ್ಟ್ ಫ್ಯಾನು ಒಂದು ಚಿಕ್ಕ ಬ್ಯಾಟರಿಯಲ್ಲೇ ರಾತ್ರಿ ಕಳೆಯುತ್ತದೆ. ಒಂದನ್ನೇ ಓಡಿಸುವಷ್ಟು ಬ್ಯಾಟರಿ ಇದ್ದರೆ ಫ್ಯಾನ್ ಬಿಟ್ಟು ಗಾಳಿ ಪಂಪಿಗೆ ಕೊಡಿ. ತೊಟ್ಟಿ ಬಿಸಿಯೇರಲು ಗಂಟೆಗಳು ಹಿಡಿಯುತ್ತವೆ, ಆಮ್ಲಜನಕ ಅದಕ್ಕಿಂತ ಮೊದಲೇ ತೀರುತ್ತದೆ.